ಟೇಲರಮ್ಮನ ರಿಪ್ಪರ್

ಹೆಣ್ಣು ಕೂಸು! ನಾನು ಅಜ್ಜಿಯಾದೆ! ನಾಲ್ಕು ದಿನದ ಹಿಂದೆ ಜಹೀರಾಬಾದಿನ ದವಾಖಾನೆಯಲ್ಲಿ ಮಗಳು ಹೆತ್ತಳು. ಇವತ್ತು ಮಧ್ಯಾಹ್ನ ತಾಯಿ, ಕೂಸು ಇಬ್ಬರೂ ಮನೆಗೆ ಬಂದರು. ಕೂಸು ಮಲಗಿದ, ನಾನು ಹಳೆ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ನೋಡಿ ಎಲ್ಲರೂ ನನ್ನನ್ನು ಹೊಗಳುತ್ತಿದ್ದಾರೆ. ಹೊಗಳಬೇಕಾದದ್ದು ನಮ್ಮ ಟೇಲರಮ್ಮನನ್ನು.

ಕತ್ತರಿ ಹಿಡಿದು ಹಿಡಿದು ಅವರ ಬಲಗೈ ಹೆಬ್ಬೆರಳಲ್ಲಿ ತಗ್ಗು ಬಿದ್ದಿದೆ. ಕಡಲೆಕಾಳು ಇಟ್ಟರೆ ಕೂರುತ್ತದೆ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟಿದ್ದ ನನ್ನನ್ನು ಗುಂಡಿ ಹಚ್ಚಲು ಕರೆದು, ಹೊಲಿಗೆ ಕಲಿಸಿ, ಕೈಗೊಂದು ಕಸುಬು ಕೊಟ್ಟವರು ಅವರು. "ಹೊಲಿಯಾಕ ತಿಂಗಳ ಸಾಕು, ಬಿಚ್ಚಾಕ ಕಲೀಬೇಕಂದ್ರ ವರ್ಷ ಬೇಕು" ಎನ್ನುತ್ತಿದ್ದರು.

ಹೊಲಿಗೆ ಬಿಚ್ಚುವ ರಿಪ್ಪರ್ ಕೊಳ್ಳುವಾಗ ಅವರನ್ನು ನೋಡಬೇಕಿತ್ತು. ಚೂಪು ತುದಿ ಸೂಜಿಯಷ್ಟು ತೆಳ್ಳಗಿರಬೇಕು, ಪಕ್ಕದ ಗಿಡ್ಡ ಕವಲಿನ ಕೆಂಪು ಗುಂಡು ಬಟ್ಟೆಗೆ ಸಿಕ್ಕದಂತೆ ನುಣ್ಣಗಿರಬೇಕು, ನಡುವಿನ ಬಾಗಿನಲ್ಲಿ ಅಲಗು ಹರಿತವಿರಬೇಕು. ಹಿಡಿಕೆಯಂತೂ ಬೆವರಿದ ಕೈಯಲ್ಲೂ ಜಾರಬಾರದು. ಹೊಲಿದ ಚಿಂದಿಯೊಂದನ್ನು ಜೊತೆಗೇ ಒಯ್ದು, ಒಂದೊಂದನ್ನೂ ಅದರ ಮೇಲೆ ಪರೀಕ್ಷಿಸುತ್ತಿದ್ದರು.

"ಏನ್ರಿ ಟೇಲರಮ್ಮ, ಅಳಿಯನ್ನ ನೋಡ್ದಂಗ ನೋಡ್ತೀರಿ!" ಎಂದು ಅಂಗಡಿಯವನು ನಗುತ್ತಿದ್ದ.

"ಅಳಿಯ ತಪ್ಪಿದ್ರ ಬೈದು ಸರಿ ಮಾಡ್ತೀನಪ್ಪ. ಬಟ್ಟಿ ಹರಿದ್ರ ಯಾರಿಗಿ ಬೈಲಿ?"

ನಮ್ಮ ಕಡೆ ಕೌದಿಯ ಕೊನೆಯ ಅಂಚು ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ, ಚಿಟಿಕೆ ಸಕ್ಕರೆ ಇಡುತ್ತೇವೆ. ಕೌದಿ ಹಸಿದಿರಬಾರದು, ಅದರ ಮೇಲೆ ಮಲಗುವವರೂ ಹಸಿಯಬಾರದು. ನಿನ್ನೆ ಸಂತೋಷದ ಭರದಲ್ಲಿ ನಾನು ಅದನ್ನೇ ಮರೆತು, ಮಿಷನ್ನಿನಲ್ಲಿ ಒತ್ತೊತ್ತಾಗಿ ಅಂಚು ಮುಚ್ಚಿಬಿಟ್ಟೆ. ಮೇಲಿನ ಪದರ ನಮ್ಮವ್ವನ ಸೀರೆ. ಅವಳದೆಂದು ಉಳಿದಿರುವುದು ಅದೊಂದೇ. ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿದೆ. ಗಾಬರಿಯಲ್ಲಿ ಬ್ಲೇಡ್ ಕೈಗೆತ್ತಿಕೊಂಡೆ. ಅಷ್ಟರಲ್ಲಿ ಟೇಲರಮ್ಮ ಬಾಗಿಲಿಗೆ ಬಂದರು.

"ಏ ತಂಗಿ, ನಿಲ್ಲು! ಬ್ಲೇಡ್ ಹಚ್ಚಿದ್ರ ನಿಮ್ಮವ್ವನ ಸೀರಿ ಎರಡಾಗ್ತದ!"

ಸೆರಗಿನ ಗಂಟಿನಿಂದ ತಮ್ಮ ರಿಪ್ಪರ್ ಬಿಚ್ಚಿ ನನ್ನ ಕೈಗಿಟ್ಟರು.

"ನೀವೇ ಬಿಚ್ಚರಿ, ನನಗ ಹೆದರಿಕಿ ಆಗ್ತದ."

"ನನ್ನ ಕೈ ನಡುಗ್ತಾವ. ನೀನೇ ಬಿಚ್ಚು. ನಾಕ್ ಹೊಲಿಗಿಗಿ ಒಂದು ಕತ್ತರಸು, ಆಮ್ಯಾಲ ಹಿಂದಿನ ದಾರ ಎಳಿ."

ಹಾಗೇ ಮಾಡಿದೆ. ದಾರ ಸರಕ್ಕನೆ ಬಂತು. ಸೀರೆಯ ಒಂದೆಳೆಯೂ ಹರಿಯಲಿಲ್ಲ. ನನಗೆ ಅಳುವೇ ಬಂತು.

"ಅಳಬ್ಯಾಡ, ರೊಟ್ಟಿ ತಾ. ಕೌದಿ ಕಾಯ್ಲತ್ತದ" ಎಂದರು.

ಕೈಗೆ ಕಸುಬು ಕೊಟ್ಟವರು ಈಗ ನಮ್ಮವ್ವನ ಸೀರೆಯನ್ನೂ ಉಳಿಸಿಕೊಟ್ಟರು. ಈ ಋಣ ನಾನು ಹೇಗೆ ತೀರಿಸಲಿ?

ಇವತ್ತು ಸಂಜೆ ಅವರನ್ನು ಮನೆಗೆ ಹೋಗಲು ಬಿಡಲಿಲ್ಲ. ಮಗಳು, ಅಳಿಯ, ನಮ್ಮ ಮನೆಯವರು, ಟೇಲರಮ್ಮ, ನಾನು ಎಲ್ಲರೂ ಕೌದಿಯ ಸುತ್ತ ಕುಳಿತು ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡೆವು. ನಿದ್ದೆಯಲ್ಲೇ ಕೂಸು ಬಾಯಿ ಚಪ್ಪರಿಸಿತು.

"ನೋಡ್ರಿ, ಇದಕ್ಕೂ ಪಲ್ಯ ಬೇಕಂತ!" ಎಂದರು ಟೇಲರಮ್ಮ. ನಮ್ಮ ನಗುವಿಗೆ ಕೂಸು ಎದ್ದೇಬಿಟ್ಟಿತು.