ಕೇಸಿನಲ್ಲಿ ಇಲ್ಲದ ಮಾತು

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ಎದುರಿಗೇ ನಗುತ್ತಿದ್ದವಳು ನಾನು. ಈಗಲೂ ದೆವ್ವ, ಶಕುನ ಯಾವುದನ್ನೂ ನಂಬುವುದಿಲ್ಲ. ಆದರೂ ಇದನ್ನು ಬರೆಯುತ್ತಿದ್ದೇನೆ. ನಗುವವರು ನಗಲಿ.

ತುಮಕೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಪಾಠ ಮಾಡುತ್ತೇನೆ. ಆ ಮಕ್ಕಳು ಪುಸ್ತಕ ಉರು ಹೊಡೆದಿರುತ್ತಾರೆ, ರೋಗಿಯನ್ನು ಮಾತಾಡಿಸಿರುವುದಿಲ್ಲ. ಅದಕ್ಕೇ ನಾನೇ ಒಂದು ಕೇಸು ಕಟ್ಟಿ, ರೋಗಿಯಾಗಿ ಅವರೆದುರು ಕೂರುತ್ತಿದ್ದೆ. ಅವರು ಪ್ರಶ್ನೆ ಕೇಳಬೇಕು, ನನ್ನ ಉತ್ತರಗಳಿಂದ ಕಾಯಿಲೆ ಪತ್ತೆ ಮಾಡಬೇಕು. ವಿಭಾಗದ ಮುಖ್ಯಸ್ಥರಿಗೆ ಇದು ಸೇರುತ್ತಿರಲಿಲ್ಲ. "ನಾಟಕ ನಿಲ್ಸಿ ಮೇಡಂ, ಸಿಲಬಸ್ ಮುಗ್ಸಿ," ಎಂದರು. ನಾನು ನಿಲ್ಲಿಸಲಿಲ್ಲ.

ಆ ಮಧ್ಯಾಹ್ನ ನಾನು ಹುಲಿಯೂರುದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುವ ಹೆಂಗಸು. ಕಾಯಿಲೆ ಥೈರಾಯ್ಡ್. ಸುಸ್ತು, ಊದಿದ ಮುಖ, ಉದುರುವ ಕೂದಲು, ಎಲ್ಲ ನಾನೇ ಕಲ್ಪಿಸಿದ್ದು. ಗುಬ್ಬಿಯ ಹುಡುಗಿ ರಕ್ಷಿತಾ ಕೊನೆಯಲ್ಲಿ, "ಇನ್ನೇನಾದ್ರೂ ತೊಂದ್ರೆ ಇದ್ಯಾಮ್ಮ?" ಎಂದು ಕೇಳಿದಳು. ಇಲ್ಲ ಎನ್ನಲು ಬಾಯಿ ತೆರೆದೆ. ಬಂದ ಮಾತೇ ಬೇರೆ.

"ಒಂದೊಂದ್ಸಲ ಎಡಗೈ ನಂದಲ್ಲ ಅನ್ನಂಗೆ ಆಯ್ತದೆ ಕಣವ್ವ. ಲೋಟ ಜಾರೋಯ್ತದೆ. ಆಮೇಲೆ ಸರಿಹೋಯ್ತದೆ, ಅದ್ಕೇ ಯಾರ್ಗೂ ಹೇಳಿಲ್ಲ."

ನಾನು ಕಲ್ಪಿಸಿದ್ದರಲ್ಲಿ ಈ ಮಾತು ಇರಲೇ ಇಲ್ಲ. ಇದು ಥೈರಾಯ್ಡಿನ ಲಕ್ಷಣವಲ್ಲ. ಕಟ್ಟಿದ ಕೇಸೆಲ್ಲ ಕೆಟ್ಟಿತು. ಬೇರೆ ದಾರಿ ಕಾಣದೆ, ಹೀಗೆ ಬಂದುಹೋಗುವ ಕೈಸೋಲು ಲಕ್ವದ ಮುನ್ಸೂಚನೆ ಇರಬಹುದು, ಸರಿಹೋಯಿತೆಂದು ಬಿಡಬಾರದು ಎಂದು ವಿವರಿಸಿ ಕ್ಲಾಸು ಮುಗಿಸಿದೆ.

ಆ ಭಾನುವಾರ ಗುಬ್ಬಿಯ ಮನೆಯಲ್ಲಿ ರಕ್ಷಿತಾಳ ತಾಯಿಯ ಕೈಯಿಂದ ಕಾಫಿ ಲೋಟ ಬಿತ್ತು. "ಏನಿಲ್ಲ ಬುಡು," ಎಂದರಂತೆ. ಹುಡುಗಿ ಬಿಡಲಿಲ್ಲ. ಅಪ್ಪ ಬೈದರೂ ಕೇಳದೆ ಅವತ್ತೇ ತುಮಕೂರಿಗೆ ಕರೆತಂದಳು. ಮಿದುಳಿಗೆ ಹೋಗುವ ಕತ್ತಿನ ರಕ್ತನಾಳ ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಸಕಾಲಕ್ಕೆ ಚಿಕಿತ್ಸೆಯಾಗಿ ಆಕೆ ಉಳಿದರು.

ನೋಡಲು ವಾರ್ಡಿಗೆ ಹೋದೆ. ಆ ಮನೆಯವರನ್ನು ನಾನು ಅದುವರೆಗೆ ಕಂಡವಳಲ್ಲ. ಏನಾಗ್ತಿತ್ತಮ್ಮ ಎಂದು ಕೇಳಿದೆ.

"ಎಡಗೈ ನಂದಲ್ಲ ಅನ್ನಂಗೆ ಆಯ್ತಿತ್ತು ಮೇಡಮ್ಮೋರೆ," ಎಂದರು ಆಕೆ.

ಪಕ್ಕದಲ್ಲಿದ್ದ ರಕ್ಷಿತಾ ನನ್ನ ಕೈ ಹಿಡಿದು ಎಬ್ಬಿಸಿದಳು. ಹೊರಗೆ ಬಂದು, "ಕ್ಲಾಸಲ್ಲಿ ನೀವ್ ಹೇಳಿದ್ನ ಅಮ್ಮಂಗೆ ನಾನು ಹೇಳೇ ಇಲ್ಲ ಮೇಡಂ. ಅಮ್ಮನೂ ಈ ಮಾತ್ನ ಇವತ್ತೇ ಮೊದ್ಲು ಬಾಯ್ಬಿಟ್ಟಿದ್ದು," ಎಂದಳು.

ಕಾಕತಾಳೀಯ ಎಂದರು ಮುಖ್ಯಸ್ಥರು. ಎಲ್ಲೋ ಕೇಳಿ ಮರೆತಿರುತ್ತೀರಿ ಎಂದರು ಇನ್ನೊಬ್ಬರು. ದೇವರೇ ನುಡಿಸಿದ್ದು, ಪೂಜೆ ಮಾಡಿಸು ಎಂದರು ನಮ್ಮತ್ತೆ. ನಾನು ಯಾವುದನ್ನೂ ಒಪ್ಪಲಿಲ್ಲ, ಪೂಜೆಯನ್ನೂ ಮಾಡಿಸಲಿಲ್ಲ. ಲೋಟ, ಕೈಸೋಲು ಎಲ್ಲಿ ಬೇಕಾದರೂ ಇರುವಂಥದ್ದು, ಸರಿ. ಅದೇ ಕೈ, ಅದೇ ಮಾತು? ಬೇಡದ ಕಡೆ, ಆ ಲಕ್ಷಣವೇ ಇಲ್ಲದ ಕಾಯಿಲೆಗೆ, ರಕ್ಷಿತಾಳೇ ಕೇಳಿದಾಗ?

ಕ್ಲಾಸಂತೂ ಇವತ್ತಿಗೂ ನಡೆಯುತ್ತಿದೆ, ಯಾರು ಏನೇ ಅಂದರೂ ನಡೆಯುತ್ತದೆ. ಆ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದಕ್ಕೆ ನನಗೆ ನಾಚಿಕೆಯೂ ಇಲ್ಲ.