ದಿಣ್ಣೆಯ ಮೇಲೆ ಎರಡು ನಿಮಿಷ

ಅವರ ಖಾಕಿ ಅಂಗಿಯ ಬಲಮಗ್ಗುಲಲ್ಲಿ, ಸೊಂಟದಿಂದ ಒಂದು ಗೇಣು ಮೇಲೆ, ಅಂಗೈಯಗಲದ ಒಂದು ತೇಪೆ ಇರುತ್ತಿತ್ತು. ಇದ್ದ ಮೂರು ಅಂಗಿಗಳಲ್ಲೂ ಅದೇ ಜಾಗದಲ್ಲಿ ತೇಪೆ. ಬಸ್ಸು ಎಷ್ಟು ಕುಲುಕಿದರೂ ಅವರು ಏನನ್ನೂ ಹಿಡಿದುಕೊಳ್ಳುತ್ತಿರಲಿಲ್ಲ. ಸೀಟಿನ ಕಂಬಿಗೆ ಆ ಮಗ್ಗುಲನ್ನು ಒತ್ತಿ ನಿಂತು ಎರಡೂ ಕೈಯಿಂದ ಟಿಕೆಟು ಹರಿದು ಕೊಡುತ್ತಿದ್ದರು. ದಿನವೆಲ್ಲ ಉಜ್ಜಿ ಉಜ್ಜಿ ಕಂಬಿ ಬಟ್ಟೆಯನ್ನು ತಿಂದುಹಾಕುತ್ತಿತ್ತು.

ಕೊಳ್ಳೇಗಾಲದಿಂದ ಬೆಳಿಗ್ಗೆ ಏಳೂಮುಕ್ಕಾಲಿಗೆ ಹೊರಟು, ಹನೂರಿನ ಮೇಲೆ ಬಂಡಳ್ಳಿ ಕಡೆಗೆ ಹೋಗುವ ಖಾಸಗಿ ಬಸ್ಸಿಗೆ ಅವರು ಕಂಡಕ್ಟರು. ನಾನು ಆ ಕಡೆಯ ಒಂದು ಹೈಸ್ಕೂಲಿನಲ್ಲಿ ಹಂಗಾಮಿ ಅಟೆಂಡರು. ಒಂಬತ್ತು ವರ್ಷ ಅದೇ ಬಸ್ಸಿನಲ್ಲಿ ಹೋಗಿ ಬಂದಿದ್ದೇನೆ. ನಾನು ಅವರನ್ನು ಕಂಡಕ್ಟರಣ್ಣ ಎನ್ನುತ್ತಿದ್ದೆ. ಅವರು ನನ್ನನ್ನು ಅವ್ವ ಎನ್ನುತ್ತಿದ್ದರು. ಹೆಸರು ಹಿಡಿದು ಕರೆಯುವ ಸಂದರ್ಭ ಇಬ್ಬರಿಗೂ ಬರಲಿಲ್ಲ.

ಬೇರೆ ಊರುಗಳಲ್ಲಿ ಜನ ಕೆಲಸಕ್ಕೆ ರೈಲಿನಲ್ಲಿ ಹೋಗಿಬರುತ್ತಾರೆ. ಕೊಳ್ಳೇಗಾಲಕ್ಕೆ ರೈಲು ಬರುತ್ತದಂತೆ ಎಂಬ ಮಾತನ್ನು ನಾನು ಲಂಗ ಹಾಕುವ ಕಾಲದಿಂದ ಕೇಳುತ್ತಿದ್ದೇನೆ. ಇನ್ನೂ ಬಂದಿಲ್ಲ. ನಮಗೆ ಆ ಬಸ್ಸೇ ರೈಲು. ಮೇಷ್ಟ್ರುಗಳು, ನರ್ಸಮ್ಮ, ಬ್ಯಾಂಕಿನವರು, ಪಂಚಾಯ್ತಿಯವರು, ಸಂತೆ ಸಾಮಾನಿನವರು, ದಿನಾ ಅವೇ ಮುಖಗಳು. ಹನೂರು ದಾಟುವವರೆಗೆ ಎಲ್ಲರ ಕಿವಿಯಲ್ಲೂ ಫೋನು. ಹನೂರು ಬಿಟ್ಟು ಸ್ವಲ್ಪ ದೂರ ಹೋಗಿ ರಸ್ತೆ ಗುಡ್ಡದ ಮರೆಗೆ ತಿರುಗಿದರೆ ಮುಗಿಯಿತು, ಸಿಗ್ನಲ್ ಇಲ್ಲ. ಟವರ್ ಹಾಕುತ್ತೇವೆಂದು ಒಂದು ವರ್ಷ ಯಾರೋ ಬಂದು ಗುಂಡಿ ತೋಡಿ ಹೋದರು. ಆ ಗುಂಡಿಯಲ್ಲಿ ಮಳೆನೀರು ನಿಂತು ಎಮ್ಮೆಗಳು ಮಲಗುತ್ತಿದ್ದವು.

ಆ ತಿರುವು ಬರುವ ಮೊದಲೇ ಕಂಡಕ್ಟರಣ್ಣ ಕೂಗುತ್ತಿದ್ದರು. "ಮಾತು ಮುಗುಸ್ಕಳ್ರಪ್ಪಾ. ಇನ್ ಮ್ಯಾಕೆ ನಾನು, ನೀವು, ಆ ಮಾದಪ್ಪ, ಅಷ್ಟೇಯ."

ಅಲ್ಲಿಂದ ನಮ್ಮ ಶಾಲೆಯವರೆಗೂ ಫೋನು ಬರೀ ಗಡಿಯಾರ. ಆದರೆ ನಡುವೆ ಒಂದು ದಿಣ್ಣೆ ಇದೆ. ಬಸ್ಸು ಅದನ್ನು ಹತ್ತಿದಾಗ ಎಡಗಡೆ ಮೂರನೇ ಸೀಟಿನ ಕಿಟಕಿಯಲ್ಲಿ ಮಾತ್ರ ಫೋನಿಗೆ ಜೀವ ಬರುತ್ತಿತ್ತು. ಪಕ್ಕದ ಸೀಟಿನಲ್ಲಿ ಇಲ್ಲ. ಇಳಿದು ರಸ್ತೆಯಲ್ಲಿ ನಿಂತರೂ ಇಲ್ಲ, ಬಸ್ಸಿನ ಆ ಎತ್ತರ ಬೇಕು. ಇದನ್ನು ಕಂಡುಹಿಡಿದವರು ಕಂಡಕ್ಟರಣ್ಣ. ಆಮೇಲೆ ಆ ಸೀಟು ಮೊದಲು ಬಂದವರದ್ದಾಗಿ ಉಳಿಯಲಿಲ್ಲ. ಹನೂರು ಸ್ಟ್ಯಾಂಡಿನಲ್ಲಿ ಅವರು ಒಳಗೆ ಬಂದು ಕೇಳುತ್ತಿದ್ದರು, "ಇವತ್ತು ಯಾರ್ಗಪ್ಪ ಬೇಕು?"

ಮಗಳು ಹೆರಿಗೆಗೆ ಹೋದವರು, ಆಸ್ಪತ್ರೆಯಲ್ಲಿ ಯಾರನ್ನಾದರೂ ಬಿಟ್ಟುಬಂದವರು ಹೇಳಬೇಕು. ತೀರ್ಮಾನ ಅವರದು. ಶಾಗ್ಯದ ಹುಡುಗನೊಬ್ಬ, ಹೊಸದಾಗಿ ನಿಶ್ಚಿತಾರ್ಥ ಆದವನು, ಆ ಸೀಟಿನಲ್ಲಿ ಗೂಟ ಹೊಡೆದು ಕೂತಿದ್ದ. "ಎದ್ದೇಳ್ಲಾ, ಗೊತ್ತಾಗಿರೋ ಎಣ್ಣು ಎಲ್ಲೂ ಓಡೋಗಲ್ಲ. ಓಡೋಗೋಳಾದ್ರೆ ಫೋನಲ್ ನಿಲ್ಸಕಾದದ?" ಎಂದು ಎಬ್ಬಿಸಿದರು. ಮಕ್ಕಳ ಹಾಜರಿಯನ್ನು ಫೋನಿನಲ್ಲಿ ತುಂಬಲೇಬೇಕೆಂದು ಒಬ್ಬ ಮೇಷ್ಟ್ರು ಹಟ ಹಿಡಿದಾಗ, ಪಕ್ಕದಲ್ಲಿ ನಿಂತ ಹೆಂಗಸನ್ನು ತೋರಿಸಿ, "ಸಾ, ಆಜ್ರಿ ಸಂಜೆಕೂ ಆಕಬೌದು. ಈಯಮ್ಮನ ತಾಯಿ ಸಂಜೆಗಂಟ ಇರ್ತಾಳೋ ಇಲ್ವೋ" ಎಂದರು. ಮೇಷ್ಟ್ರು ಬೈದುಕೊಂಡೇ ಎದ್ದರು.

ನನಗೆ ಆ ಸೀಟು ಬೇಕಾದದ್ದು ಎಂಟನೇ ವರ್ಷದಲ್ಲಿ. ನಮ್ಮ ಯಜಮಾನರಿಗೆ ಶ್ವಾಸಕೋಶದ ತೊಂದರೆ ಜೋರಾಗಿ ಮೈಸೂರಿನಲ್ಲಿ ಸೇರಿಸಿದ್ದೆವು. ನನ್ನ ರಜೆಗಳೆಲ್ಲ ಮುಗಿದಿದ್ದವು. ಹಂಗಾಮಿ ಕೆಲಸ, ಹೋಗದಿದ್ದರೆ ಬೇರೆಯವರು ಬರುತ್ತಾರೆ. ಯಜಮಾನರ ಹತ್ತಿರ ನನ್ನ ನಾದಿನಿ ಇದ್ದಳು. ನಾನು ಭಾನುವಾರ ಹೋಗುತ್ತಿದ್ದೆ. ಡಾಕ್ಟರು ಬೆಳಿಗ್ಗೆ ಎಂಟೂವರೆಗೆ ನೋಡಿಹೋಗುತ್ತಿದ್ದರು. ಅವರು ಏನೆಂದರು ಎಂದು ನಾದಿನಿ ಹೇಳಬೇಕು. ಅಷ್ಟು ಹೊತ್ತಿಗೆ ನಾನು ಗುಡ್ಡದ ಮರೆಯಲ್ಲಿ. ದಿಣ್ಣೆಯ ಮೇಲೆ ತಪ್ಪಿದರೆ ಸಂಜೆ ಹನೂರಿಗೆ ಬರುವವರೆಗೂ ನನಗೆ ಯಜಮಾನರು ಇದ್ದಾರೋ ಇಲ್ಲವೋ ತಿಳಿಯುವ ದಾರಿಯಿರಲಿಲ್ಲ. ಶಾಲೆಯಲ್ಲಿ ಗಂಟೆ ಹೊಡೆಯುವಾಗಲೂ, ಮಕ್ಕಳಿಗೆ ಹಾಲು ಕಾಸುವಾಗಲೂ ಅದೊಂದೇ ಯೋಚನೆ.

ಬೇರೆಯವರಿಗೆ ದಿಣ್ಣೆಯ ಮೇಲೆ ಬಸ್ಸು ನಿಧಾನ ಮಾಡಿಸುತ್ತಿದ್ದರು. ನನಗೆ ನಿಲ್ಲಿಸತೊಡಗಿದರು, ಎರಡು ನಿಮಿಷ. ಖಾಸಗಿ ಬಸ್ಸಿನಲ್ಲಿ ಎರಡು ನಿಮಿಷ ಎಂದರೆ ಸಣ್ಣದಲ್ಲ. ಹಿಂದೆಯೇ ಬೇರೆ ಓನರಿನ ಬಸ್ಸು ಬರುತ್ತಿರುತ್ತದೆ. ಅದು ಮುಂದೆ ಹೋದರೆ ದಾರಿಯ ಜನವನ್ನೆಲ್ಲ ಹತ್ತಿಸಿಕೊಂಡು ಹೋಗುತ್ತದೆ. ಡ್ರೈವರು ಕನ್ನಡಿ ನೋಡಿ ಗೊಣಗುತ್ತಿದ್ದರು.

"ಹಿಂದ್ಲವ್ನು ಮೂತಿ ತೋರುಸ್ತಾವ್ನೆ ಕಣಯ್ಯ."

"ತೋರುಸ್ಲಿ ಬುಡು. ಮೂತಿ ನೋಡಿ ಎಣ್ ಕೊಡ್ಬೇಕಾ?"

ನಾನು ಮಾತಾಡುವಾಗ ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಾಗಿಲ ಹತ್ತಿರ ಹೊರಗೆ ಮುಖ ಮಾಡಿ ನಿಲ್ಲುತ್ತಿದ್ದರು. ನಾನು ಫೋನು ಇಳಿಸಿದ ಮೇಲೆ ಸೀಟಿ ಊದಿ, ಬಸ್ಸು ಹೊರಟ ಮೇಲೆ, ಒಂದೇ ಮಾತು ಕೇಳುತ್ತಿದ್ದರು. "ಏನಾರ ಉಂಡ್ರಂತಾ?" ಕಾಯಿಲೆ ಏನು, ಡಾಕ್ಟರು ಏನೆಂದರು, ಎಷ್ಟು ದಿನ, ಯಾವುದನ್ನೂ ಕೇಳಿದವರಲ್ಲ. "ಎರಡು ಇಡ್ಲಿ ತಿಂದ್ರಂತೆ" ಎಂದರೆ ಹಿಂದಿನ ಸೀಟಿನವರೆಗೂ ಸುದ್ದಿ ಹೋಗುತ್ತಿತ್ತು. ಒಂದು ದಿನ ನಾನು ಇಲ್ಲವೆಂದು ತಲೆ ಆಡಿಸಿದೆ. "ನಾಳೆ ಉಣ್ತಾರೆ" ಎಂದು ಟಿಕೆಟು ಹರಿಯಲು ಹೋದರು.

ಹೀಗೆ ಸುಮಾರು ಒಂದು ತಿಂಗಳು ನಡೆಯಿತು. ಆಮೇಲೆ ಆ ಬುಧವಾರ ಬಂತು.

ದಿಣ್ಣೆಯ ಮೇಲೆ ಬಸ್ಸು ನಿಂತಿತು. ನಾನು ಫೋನು ಒತ್ತಿದೆ. ರಿಂಗಾಯಿತು, ನಾದಿನಿ ಎತ್ತಲಿಲ್ಲ. ಎಂದೂ ಹಾಗಾಗಿರಲಿಲ್ಲ. ಮತ್ತೆ ಒತ್ತಿದೆ. ಎತ್ತಲಿಲ್ಲ. ಎರಡು ನಿಮಿಷ ಮುಗಿದಿತ್ತು. ನಾನು ಕಂಡಕ್ಟರಣ್ಣನ ಕಡೆ ನೋಡಿ, "ಹೊರಡಿ ಅಣ್ಣ, ಏನೋ ಕೆಲಸದಲ್ಲಿರಬೇಕು" ಎಂದೆ. ಹಿಂದಿನ ಬಸ್ಸು ಹಾರನ್ ಹೊಡೆಯುತ್ತ ನಮ್ಮನ್ನು ದಾಟಿಹೋಯಿತು. ಡ್ರೈವರು ಸ್ಟೀರಿಂಗಿನ ಮೇಲೆ ಕೈ ಬಡಿದರು.

ಹಿಂದಿನಿಂದ ಒಬ್ಬರು ಕೂಗಿದರು, "ಏನ್ರೀ ಇದು, ಕೆಲ್ಸುಕ್ ಓಗೋರು ನಾವೇನ್ ಮಾಡ್ಬೇಕು?"

"ನೀವು ಇಳುದು ನಡೀತಿರಿ ಸಾ, ಬಸ್ಸು ಇಂದ್ಗಡೆ ಬಂದು ಅತ್ತುಸ್ಕತದೆ" ಎಂದರು ಕಂಡಕ್ಟರಣ್ಣ. ಆಮೇಲೆ ನನ್ನ ಕಡೆ ತಿರುಗಿದರು. "ಇನ್ನೊಂದ್ ಕಿತ ಒತ್ತವ್ವ. ಎತ್ತೋಗಂಟ ಒತ್ತು. ಗಾಡಿ ಎಲ್ಲೂ ಓಗಲ್ಲ."

ಎಷ್ಟನೇ ಸಲವೋ, ನಾದಿನಿ ಎತ್ತಿದಳು. ಅಳುತ್ತಿದ್ದಳು. "ಅತ್ಗೆ, ಈಗ್ಲೇ ಬಂದ್ಬುಡಿ ಅಂತಾವ್ರೆ ಡಾಕ್ಟ್ರು. ಇವತ್ತೇ ಅಂತಾವ್ರೆ."

ನಾನು ಏನು ಹೇಳಿದೆನೋ ನೆನಪಿಲ್ಲ. ಕಂಡಕ್ಟರಣ್ಣ ನನ್ನ ಬ್ಯಾಗನ್ನು ತಾವೇ ಎತ್ತಿಕೊಂಡು ನನ್ನನ್ನು ಇಳಿಸಿ ರಸ್ತೆ ದಾಟಿಸಿದರು. ಬಂಡಳ್ಳಿ ಕಡೆಯಿಂದ ಕೊಳ್ಳೇಗಾಲಕ್ಕೆ ಹೋಗುವ ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು. ನನ್ನನ್ನು ಅಲ್ಲಿ ಒಬ್ಬಳನ್ನೇ ಬಿಟ್ಟುಹೋಗಬಹುದಿತ್ತು. ಬಿಡಲಿಲ್ಲ. ನಮ್ಮ ತುಂಬಿದ ಬಸ್ಸನ್ನು ಎದುರಿಗೆ ನಿಲ್ಲಿಸಿಕೊಂಡೇ ಕಾದು, ಕೊಳ್ಳೇಗಾಲದ ಬಸ್ಸು ಬಂದಾಗ ನಡುರಸ್ತೆಯಲ್ಲಿ ಎರಡು ಕೈ ಚಾಚಿ ತಡೆದರು. ಅದರ ಕಂಡಕ್ಟರಿಗೆ ಹೇಳಿದ್ದು ಇಷ್ಟು: "ಹನೂರ್ ತಾವ ಸಿಗ್ನಲ್ ಸಿಕ್ಕೇಟ್ಗೆ ಕೊಳ್ಳೇಗಾಲ್ದ ಸ್ಟ್ಯಾಂಡ್ಗೆ ಫೋನ್ ಆಕು. ಮೈಸೂರ್ ಗಾಡಿ ಈಯಮ್ಮ ಅತ್ತೋಗಂಟ ಬುಡ್ಬ್ಯಾಡ್ದು. ನಾನೇಳ್ದೆ ಅನ್ನು."

ಕೊಳ್ಳೇಗಾಲದಲ್ಲಿ ಮೈಸೂರು ಬಸ್ಸು ನನಗಾಗಿ ನಿಂತಿತ್ತು. ಹನ್ನೆರಡೂವರೆಗೆ ಆಸ್ಪತ್ರೆ ಸೇರಿದೆ. ಯಜಮಾನರು ಕಣ್ಣು ಬಿಟ್ಟು ನನ್ನನ್ನು ಗುರುತಿಸಿದರು. ಮೂರೂವರೆಗೆ ಹೋದರು.

ಕರ್ಮಗಳನ್ನೆಲ್ಲ ಮುಗಿಸಿ ನಾನು ಮತ್ತೆ ಕೆಲಸಕ್ಕೆ ಹೊರಟ ದಿನ ಬಸ್ಸಿನಲ್ಲಿ ಬೇರೆ ಕಂಡಕ್ಟರಿದ್ದ. ಡ್ರೈವರು ಅವರೇ. ಕೇಳಿದೆ.

"ಅವ್ನುನ್ನ ಯಳಂದೂರಿಂದ ಬೆಟ್ಟುಕ್ ಓಗೋ ಗಾಡಿಗ್ ಆಕವ್ರೆ ಕಣವ್ವ" ಎಂದರು. "ಅವತ್ತು ಲೇಟಾಯ್ತಲ್ಲ, ಓನರ್ ತಾವ ಗಲಾಟೆಯಾಯ್ತು. ಏನಕ್ ನಿಲ್ಸಿದ್ದೆ ಅಂದ್ರೆ, ಪಂಚರು ಅಂದವ್ನೆ ಬಡ್ಡೀಮಗ. ಪಂಚರಾಗಿದ್ರೆ ಬಿಲ್ಲೆಲ್ಲಿ ಅಂದ್ರು."

ನನ್ನ ವಿಷಯ ಹೇಳಿದ್ದರೆ ಓನರು ಬಿಡುತ್ತಿದ್ದರೇನೋ. ಏಕೆ ಹೇಳಲಿಲ್ಲವೋ ನನಗೆ ತಿಳಿಯದು. ನಾನು ಹೋಗಿ ಅವರನ್ನು ಕಾಣಬೇಕಿತ್ತು. ಈ ಭಾನುವಾರ, ಮುಂದಿನ ಭಾನುವಾರ ಎಂದುಕೊಂಡೆ. ಆಗ ನನಗೆ ಎದ್ದು ನೀರು ಹಾಕಿಕೊಳ್ಳುವುದೇ ಕಷ್ಟವಾಗಿತ್ತು. ಒಂದು ಸಲ ಮಾತ್ರ ಕೊಳ್ಳೇಗಾಲದ ಸ್ಟ್ಯಾಂಡಿನಲ್ಲಿ ಎದುರಿಗೆ ಸಿಕ್ಕರು. ನಾನು ಅಳಲು ಶುರುಮಾಡಿದೆ. "ಬೆಟ್ಟ ತಂಪಾಗದೆ ಕಣವ್ವ. ಈ ವಯ್ಸಲ್ಲಿ ನಂಗೂ ತಂಪು ಬೇಕಾಗಿತ್ತು. ದಾರಿಯುದ್ದುಕ್ಕೂ ಕಾಡು, ಒಬ್ರು ಫೋನೂ ಬಡ್ಕಳಲ್ಲ" ಎಂದು ನಕ್ಕರು. ಟೀ ಕುಡಿಸಿದರು. ಯಳಂದೂರಿಗೆ ಗಾಡಿ ಹೊರಡುವುದಿತ್ತು, ಹೋದರು.

ಹೋದ ವರ್ಷ, ಬೆಟ್ಟದಿಂದ ಇಳಿಯುವಾಗ, ಆ ಕಾಡಿನ ದಾರಿಯಲ್ಲಿ ಅವರ ಎದೆ ನೋಯತೊಡಗಿತು. ಯಾರ ಫೋನಿನಲ್ಲೂ ಸಿಗ್ನಲ್ ಇರಲಿಲ್ಲ. ಆಂಬುಲೆನ್ಸಿಗೂ ಹೇಳಲಾಗಲಿಲ್ಲ, ಮನೆಗೂ ಹೇಳಲಾಗಲಿಲ್ಲ. ಆ ಡ್ರೈವರು ಬಸ್ಸನ್ನೇ ಓಡಿಸಿಕೊಂಡು ಯಳಂದೂರಿನ ಆಸ್ಪತ್ರೆಗೆ ತಂದರಂತೆ. ಅಷ್ಟರಲ್ಲಿ ಮುಗಿದಿತ್ತು. ನನಗೆ ಸುದ್ದಿ ತಿಳಿದದ್ದು ಮಾರನೆಯ ದಿನ. ನಮ್ಮ ಡ್ರೈವರು ಹಿಂದಿನ ಮಧ್ಯಾಹ್ನವೇ ನನಗೆ ಫೋನು ಮಾಡಿದ್ದರು. ನಾನು ಶಾಲೆಯಲ್ಲಿದ್ದೆ, ಸಿಕ್ಕಲಿಲ್ಲ. ಸಂಜೆಯೇ ಮಣ್ಣು ಮಾಡಿದರು. ನಾನು ಅವರ ಮುಖ ನೋಡಲಿಲ್ಲ.

ಆ ಭಾನುವಾರ ಅವರ ಮನೆಗೆ ಹೋದೆ. ಯಳಂದೂರಿನ ಪಕ್ಕದ ಹಳ್ಳಿ. ಅವರ ಹೆಂಡತಿ ಜಗುಲಿಯ ಮೇಲೆ ಕೂತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ನಾನು ಯಾರೆಂದು ಹೇಳಿದೆ.

"ನೀವೇನವ್ವ ಅದು?" ಎಂದರು. "ನಮ್ಮೋರು ಅವತ್ ಬಂದು ಏಳುದ್ರು. ಒಬ್ಬಮ್ಮ ಗಂಡನ್ ತಾವ ಓಗಿ ಸೇರ್ಕಂಡ್ಳು ಕಣೆ ಅಂತ. ಉಣ್ಣಕ್ ಕೂತ್ಕಂಡು ಅದ್ನೇ ಏಳುದ್ರು."

ನಾನು ಅವರ ಪಕ್ಕ ಕೂತೆ. ಎದುರು ಮನೆಯವರು ರಾಗಿ ಒಣಹಾಕುತ್ತಿದ್ದರು.

"ನೀವು ಓದ್ಮೇಲೆ ನಿಮ್ಮೋರು ಎಷ್ಟೊತ್ತು ಸಿಕ್ಕುದ್ರು?" ಎಂದು ಕೇಳಿದರು.

"ಮೂರು ಗಂಟೆ ಅಕ್ಕ. ಅದರಲ್ಲಿ ಹೆಚ್ಚು ಹೊತ್ತು ನಿದ್ದೆ ಮಾಡ್ತಿದ್ರು."

"ಏನಾರ ಮಾತಾಡುದ್ರಾ?"

ಇದನ್ನು ನನ್ನ ನಾದಿನಿಯೂ ಕೇಳಿದ್ದಳು, ಊರಿನವರೂ ಕೇಳಿದ್ದರು. ಏನೋ ದೊಡ್ಡ ಮಾತು ಇರಬೇಕೆಂದು ಅವರೆಲ್ಲ ಕಾಯುತ್ತಿದ್ದುದರಿಂದ ನಾನು ಯಾರಿಗೂ ಹೇಳಿರಲಿಲ್ಲ. ಈ ಅಕ್ಕನಿಗೆ ಹೇಳಿದೆ.

"ಏನೂ ಇಲ್ಲ ಅಕ್ಕ. ಬೆನ್ನು ನವೆ ಆಯ್ತದೆ, ಕೆರಿ ಅಂದ್ರು. ಕೆರೆದೆ. ಇನ್ನೊಸಿ ಮ್ಯಾಲೆ ಅಂದ್ರು."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದಾರೆ ಎಂದುಕೊಂಡೆ. ನಗುತ್ತಲೂ ಇದ್ದರು.

"ಅಷ್ಟು ಸಿಕ್ಕಿದ್ರೆ ಸಾಕಾಗಿತ್ತು ಕಣವ್ವ ನಂಗೂವೆ" ಎಂದರು.