ಹೊಳೆಗೆ ಬಿಟ್ಟ ವಹಿ

ನಮ್ಮ ಮನೆತನದ ಹೆಳವಜ್ಜ ಎರಡು ಮೂರು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಕುಳಿತು ಬರುತ್ತಿದ್ದ. ಹೆಳವರ ಕೆಲಸವೇ ಮನೆತನಗಳ ವಂಶಾವಳಿ ಕಾಯುವುದು. ಅವನ ಚೀಲದಲ್ಲಿ ಉದ್ದುದ್ದ ವಹಿಗಳು, ಅವುಗಳ ತುಂಬ ಬೀರದೇವರಿಗೆ ನಡೆದುಕೊಳ್ಳುವ ನಮ್ಮಂಥ ಕುರಿಗಾರರ, ಒಕ್ಕಲಿಗರ ಮನೆಗಳ ಹೆಸರು. ಅಂಗಳದಲ್ಲಿ ಕಂಬಳಿ ಹಾಸಿ ಕೂಡಿಸಿದರೆ ಮೂಲಪುರುಷನಿಂದ ಹಿಡಿದು ನನ್ನ ತಮ್ಮನವರೆಗೆ ಉಸಿರು ಬಿಡದೆ ಹೇಳುತ್ತಿದ್ದ. ಅಪ್ಪ ಜೋಳ ಅಳೆದು ಕೊಡುತ್ತಿದ್ದ, ಕುರಿ ಛಲೋ ಈದ ವರ್ಷ ಒಂದು ಮರಿ.

ನಾನು ಬಾಗಿಲಿಗೆ ಆತುಕೊಂಡು ನನ್ನ ಹೆಸರು ಬರಲಿ ಎಂದು ಕಾಯುತ್ತಿದ್ದೆ. ಬರುತ್ತಿರಲಿಲ್ಲ. ಗಂಡುಮಕ್ಕಳ ಹೆಸರು ಮುಗಿದ ಮೇಲೆ ‘ಹೆಣ್ಣು ಎರಡು’ ಎಂದು ಹೇಳಿ ಅಜ್ಜ ಮುಂದಕ್ಕೆ ಹೋಗುತ್ತಿದ್ದ. ಆ ಎರಡರಲ್ಲಿ ಒಂದು ನಾನು. ಒಮ್ಮೆ ಎದುರಿಗೆ ನಿಂತು ಕೇಳಿಯೇಬಿಟ್ಟೆ, ನನಗೇನು ಹೆಸರಿಲ್ಲವೇ ಎಂದು. ಅವನು ನಕ್ಕು, “ನೀ ಬ್ಯಾರೆ ಮನಿಗೆ ಹೋಗಾಕಿ ತಂಗಿ. ಇಲ್ಲಿ ಬರದು ಏನ್ ಮಾಡೂದು?” ಎಂದ. ಹೋದ ಮನೆಯ ವಹಿಯಲ್ಲೂ ಬರೆಯುವುದಿಲ್ಲ ಎಂಬುದು ನನಗೆ ಆಗಲೇ ಗೊತ್ತಿತ್ತು. ಆ ಸಿಟ್ಟು ಹೊಟ್ಟೆಯಲ್ಲಿ ಹಾಗೇ ಉಳಿಯಿತು.

ನಾನು ಬೇರೆ ಮನೆಗೆ ಹೋಗಲೂ ಇಲ್ಲ. ಜಮಖಂಡಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುವ ಕೆಲಸ ಹಿಡಿದೆ. ಬಾಗಲಕೋಟೆ ಬೇರೆ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದವು. ಬೀಳಗಿ ಕಡೆ ಅಣೆಕಟ್ಟಿನ ಹಿನ್ನೀರು ಏರಿ ಊರಿಗೆ ಊರೇ ಎದ್ದು ಪುನರ್ವಸತಿ ಕೇಂದ್ರಗಳಿಗೆ ಹೋಗಿತ್ತು. ಅಷ್ಟರಲ್ಲಿ ಅಜ್ಜನ ಎತ್ತೂ ಸತ್ತು, ಅವನು ಬಸ್ಸಿನಲ್ಲಿ ತಿರುಗುತ್ತಿದ್ದ. ಒಂದು ದಿನ ಚೀಲ ಹೆಗಲಿಗೆ ಹಾಕಿಕೊಂಡು ನೇರ ನಮ್ಮ ತರಬೇತಿ ಕೇಂದ್ರಕ್ಕೆ ಬಂದ.

“ಒಂದ ಓಣಿಯಾಗ ಇದ್ದವ್ರು ಈಗ ನಾಕ ದಿಕ್ಕಿಗೆ ಆಗ್ಯಾರ. ಯಾರ ಮನಿ ಎಲ್ಲೈತಿ ತಿಳೀವಲ್ದು. ಮಗ ಬನಹಟ್ಟಿಯೊಳಗ ಮಗ್ಗಕ್ಕ ಹೋಗ್ತಾನ, ಇದನ್ನ ಮುಟ್ಟಂಗಿಲ್ಲ. ನಿನ್ನ ಮಷೀನದಾಗ ಹಾಕಾಕ ಬರ್ತೈತೇನ ನೋಡ,” ಎಂದ.

ಬರುತ್ತದೆ ಎಂದೆ. ಒಂದು ಕರಾರು ಹಾಕಿದೆ: ಹೆಣ್ಣುಮಕ್ಕಳ ಹೆಸರನ್ನೂ ಹಾಕುತ್ತೇನೆ. ಅಜ್ಜ ಸ್ವಲ್ಪ ಹೊತ್ತು ಎಲೆ ಅಡಿಕೆ ಅಗಿದು, “ಹಾಕವ್ವಾ, ನಿನ್ನ ಕೈಯಾಗೈತಿ,” ಎಂದ.

ಇಲ್ಲಿ ನನ್ನ ಮೊದಲ ತಪ್ಪು. ಹೆಸರು ಬರೆದಿಡಲು ಸಾದಾ ಟೈಪಿಂಗ್ ಪ್ರೋಗ್ರಾಂ ಸಾಕಿತ್ತು. ಆದರೆ ನಾನು ಆಗಷ್ಟೇ ಒಂದು ಡೇಟಾಬೇಸ್ ಪ್ರೋಗ್ರಾಂ ಕಲಿತಿದ್ದೆ. ಬ್ಯಾಂಕುಗಳು, ವಿಮಾನದ ಕಂಪನಿಗಳು ತಮ್ಮ ಲೆಕ್ಕವಿಲ್ಲದಷ್ಟು ದಾಖಲೆ ಇಡುವಂಥದ್ದು. ವಿದೇಶದ ಕಂಪನಿಯೊಂದು ಅದನ್ನು ತನ್ನ ವೆಬ್‌ಸೈಟಿನಲ್ಲಿ ಪುಕ್ಕಟೆ ಇಟ್ಟಿತ್ತು. ಇಮೇಲ್ ಕೊಟ್ಟರೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕರೆಂಟು ಹೋಗಿ ಹೋಗಿ ಬರುತ್ತಿದ್ದ ಆ ಕಾಲದಲ್ಲಿ ಎರಡು ದಿನ ಕುಳಿತು ಇಳಿಸಿಕೊಂಡಿದ್ದೆ. ವಿಮಾನದ ಕಂಪನಿಯವರು ಬಳಸುವುದನ್ನೇ ನಮ್ಮ ಕುರಿಗಾರರ ವಂಶಾವಳಿಗೆ ಬಳಸುತ್ತೇನೆಂಬ ಡೌಲು ನನ್ನದು. ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದೆ.

ಎರಡು ವರ್ಷ ಹಿಡಿಯಿತು. ರಜೆ ಸಿಕ್ಕಾಗಲೆಲ್ಲ ಅಜ್ಜನ ಜೊತೆ ಬೀಳಗಿ ಕಡೆಯ ಪುನರ್ವಸತಿ ಕೇಂದ್ರಗಳಿಗೆ ಹೋದೆ. ಅಲ್ಲಿ ಎಲ್ಲ ಮನೆಗಳೂ ಒಂದೇ ಅಳತೆ, ಎಲ್ಲದಕ್ಕೂ ನಂಬರು. ಅಜ್ಜ ಕಟ್ಟೆಯ ಮೇಲೆ ಕುಳಿತು ಗಂಡಸರ ಹೆಸರು ಓದಿ ಸರಿಪಡಿಸುತ್ತಿದ್ದ. ನಾನು ಒಳಗೆ ಹೋಗಿ ಹೆಂಗಸರ ಹೆಸರು ಕೇಳುತ್ತಿದ್ದೆ. ಮೊದಮೊದಲು ನಕ್ಕರು. ಆಮೇಲೆ ಒಬ್ಬರನ್ನೊಬ್ಬರು ಕರೆತಂದರು. ಅವ್ವನ ಹೆಸರು, ಅತ್ತೆಯ ಹೆಸರು, ಬಾಣಂತನದಲ್ಲಿ ಸತ್ತ ಅಕ್ಕನ ಹೆಸರು, ಎಂಟು ದಿನ ಬದುಕಿದ ಕೂಸಿನ ಹೆಸರು.

ಒಬ್ಬ ಮುದುಕಿ ಮಾತ್ರ ದೂರ ನಿಂತು ನೋಡುತ್ತಿದ್ದಳು. ಎಲ್ಲರೂ ಹೋದ ಮೇಲೆ ಹತ್ತಿರ ಬಂದು, “ನಮ್ಮವ್ವಂದೂ ಹಾಕ್ತೀಯೇನ ಬೇ?” ಎಂದಳು. “ಹೊಲ ಗಂಡಸರ ಹೆಸರಿಲೆ ಇತ್ತು, ಮನಿ ಅವರ ಹೆಸರಿಲೆ. ಪರಿಹಾರನೂ ಅವರ ಹೆಸರಿಲೆ ಬಂತು. ಆ ಊರಾಗ ನಮ್ಮವ್ವ ಇದ್ದಳು ಅನ್ನೂದು ಈಗ ನನ್ನ ಬಾಯಾಗ ಅಷ್ಟ ಐತಿ. ನಾ ಹ್ವಾದ್ರ ಆತು.” ನಾನು ಹೆಸರು ಬರೆದು ತೋರಿಸಿದೆ. ಆಕೆಗೆ ಓದು ಬರುತ್ತಿರಲಿಲ್ಲ. ಆದರೂ ಕಾಗದದ ಮೇಲೆ ಬೆರಳಿಟ್ಟು, “ಇದ ಏನು?” ಎಂದು ಎರಡು ಸಲ ಕೇಳಿದಳು.

ಎಲ್ಲ ಮುಗಿದ ದಿನ ಅಜ್ಜ ಹೊಸ ಧೋತರ ಉಟ್ಟು ಬಂದ. ವಹಿಗಳಿಗೆ ಅರಿಷಿಣ ಕುಂಕುಮ ಹಚ್ಚಿ ಕೆಂಪು ಬಟ್ಟೆಯಲ್ಲಿ ಕಟ್ಟಿದ್ದ. ಅವನ ಮನೆತನದ ಪದ್ಧತಿ ಅದು: ಹಳೆಯ ವಹಿಯನ್ನು ಹೊಸದಕ್ಕೆ ಇಳಿಸಿದ ಮೇಲೆ ಹಳೆಯದನ್ನು ಇಟ್ಟುಕೊಳ್ಳುವಂತಿಲ್ಲ. ಸುಡುವಂತಿಲ್ಲ, ರದ್ದಿಗೆ ಹಾಕುವಂತಿಲ್ಲ, ಹೊಳೆಗೇ ಬಿಡಬೇಕು. “ಒಂದ ವಂಶ ಎರಡ ಕಡೆ ಇರಬಾರದು ತಂಗಿ. ಒಂದ ಕಡೆ ಒಂದ ಹೇಳಿ, ಇನ್ನೊಂದ ಕಡೆ ಇನ್ನೊಂದ ಹೇಳಿದ್ರ ಮಂದಿ ಯಾರ ಮಾತು ನಂಬಬೇಕು?” ಎಂದ. ಅವನ ಮುತ್ಯಾನ ಕಾಲದಿಂದ ಹಾಗೇ ನಡೆದಿತ್ತು.

ನಾನು ತಡೆಯಬೇಕಿತ್ತು. ಕಂಪ್ಯೂಟರ್ ವಹಿಯಲ್ಲ ಅಜ್ಜಾ, ಇವು ಇರಲಿ ಎನ್ನಬೇಕಿತ್ತು. ಅನ್ನಲಿಲ್ಲ. ನನ್ನ ಕೆಲಸವನ್ನು ಅವನು ಖರೆ ವಹಿ ಎಂದು ಒಪ್ಪಿಕೊಂಡನಲ್ಲ ಎಂಬ ಹಿಗ್ಗಿನಲ್ಲಿ ಬುದ್ಧಿ ಮಂಕಾಗಿತ್ತು. ಹೆಂಗಸರ ಹೆಸರು ಬರೆದುಕೊಂಡಿದ್ದ ನನ್ನ ನೋಟುಬುಕ್ಕುಗಳನ್ನೂ ಅವನು ಕೇಳಿದ. “ಇವೂ ವಂಶದ ಕಾಗದ ಆದೂವಲ್ಲ,” ಎಂದ. ನಾನೇ ಕೈಯಾರೆ ಗಂಟಿಗೆ ಸೇರಿಸಿದೆ. ಚಿಕ್ಕಪಡಸಲಗಿ ಬ್ಯಾರೇಜಿನ ಕೆಳಗೆ, ಮೊಣಕಾಲುಮಟ್ಟ ನೀರಿನಲ್ಲಿ ನಿಂತು ಇಬ್ಬರೂ ಬಿಟ್ಟೆವು. ಗಂಟು ಸ್ವಲ್ಪ ದೂರ ತೇಲಿ, ನೀರು ಕುಡಿದು ಮುಳುಗಿತು.

ಆಮೇಲಿನ ಕೆಲವು ವರ್ಷ ನನಗೆ ಬಹಳ ಖುಷಿಯವು. ಅಜ್ಜ ಒಂದು ಮೊಬೈಲು ಕೊಂಡಿದ್ದ. ಯಾವುದೋ ಮನೆಯ ಕಟ್ಟೆಯಿಂದ ಫೋನು ಮಾಡಿ, “ತಂಗಿ, ಇಂಥವ್ರ ಮನಿ ಐದನೇ ತಲಿ ಹೇಳ,” ಎನ್ನುತ್ತಿದ್ದ. ನಾನು ಓದುತ್ತಿದ್ದೆ, ಅವನು ಸ್ಪೀಕರ್ ಹಾಕಿ ಮೊಬೈಲನ್ನು ಕಂಬಳಿಯ ಮೇಲೆ ಇಡುತ್ತಿದ್ದ. ನಾನು ಹೆಣ್ಣುಮಕ್ಕಳ ಹೆಸರಿಗೆ ಬಂದಾಗ ಆ ಕಡೆ ಹೆಂಗಸರ ಗುಸುಗುಸು ಕೇಳುತ್ತಿತ್ತು. ಮುದ್ರಿಸಿ ಮನೆಮನೆಗೆ ಒಂದೊಂದು ಪ್ರತಿ ಕೊಡಬೇಕೆಂದು ಅಂದುಕೊಂಡೆ. ಅಜ್ಜ ಒಪ್ಪಲಿಲ್ಲ. ಎರಡು ಕಡೆ ಇರಬಾರದು ಎಂಬುದೇ ಅವನ ಮಾತು. ನಾನೂ ಜಗ್ಗಾಡಲಿಲ್ಲ.

ಒಂದು ಮಧ್ಯಾಹ್ನ ಹೋದ ಕರೆಂಟು ಹೊಡೆತದೊಂದಿಗೆ ವಾಪಸು ಬಂದು ಕಂಪ್ಯೂಟರ್ ಸುಟ್ಟಿತು. ನಾನು ಹೆದರಲಿಲ್ಲ. ಸೀಡಿಯಲ್ಲಿ, ಪೆನ್ ಡ್ರೈವಿನಲ್ಲಿ ನಕಲು ತೆಗೆದಿಟ್ಟಿದ್ದೆ, ಅಜ್ಜನಿಗೆ ಹೇಳದೆ. ಹೊಸ ಕಂಪ್ಯೂಟರಿಗೆ ಹಾಕಿದೆ. ಆ ನಕಲು ತೆರೆಯಬೇಕಾದರೆ ಅದೇ ಪ್ರೋಗ್ರಾಂ ಬೇಕು. ನನ್ನ ಹಳೆಯ ಸೀಡಿಯಿಂದ ಪ್ರೋಗ್ರಾಂ ಹಾಕಹೋದರೆ, ಕಂಪನಿಯ ವೆಬ್‌ಸೈಟಿನಿಂದ ಹೊಸ ಪರವಾನಗಿ ನಂಬರು ತಾ ಎಂದಿತು. ಆ ಕಂಪನಿಯನ್ನು ಅದಕ್ಕಿಂತ ದೊಡ್ಡ ಕಂಪನಿ ಯಾವಾಗಲೋ ಕೊಂಡುಬಿಟ್ಟಿತ್ತು. ನಾನು ಇಳಿಸಿಕೊಂಡಿದ್ದ ಪುಟದ ಜಾಗದಲ್ಲಿ ಈಗ ಒಂದೇ ಮಾತು: ಡೌನ್‌ಲೋಡುಗಳು ವಾರ್ಷಿಕ ಚಂದಾದಾರರಿಗೆ ಮಾತ್ರ.

ವೆಬ್‌ಸೈಟಿನ ಫಾರ್ಮು ತುಂಬಿದೆ. ಸಂಸ್ಥೆಯ ಹೆಸರು ಕಡ್ಡಾಯ ಎಂದಿತು. ಅಜ್ಜನ ಮನೆತನದ ಹೆಸರು ಹಾಕಿದೆ. ವಾರದ ಮೇಲೆ ಬೆಂಗಳೂರಿನಿಂದ ಫೋನು ಬಂತು.

“ಮೇಡಂ, ನಿಮ್ಮಲ್ಲಿ ಯೂಸರ್ಸ್ ಎಷ್ಟು ಜನ ಇದಾರೆ?”

“ಒಬ್ಬರು. ಹೆಳವಜ್ಜ.”

“ಯಾವ ಥರದ ಡೇಟಾ ಮೇಡಂ?”

“ಸತ್ತವರ ಹೆಸರು ರೀ. ಓದಬೇಕಾಗೇತಿ ಅಷ್ಟ. ಬ್ಯಾರೆ ಏನೂ ಬ್ಯಾಡ.”

ಫೋನು ಮಾಡಿದವನು ಒಳ್ಳೆಯ ಹುಡುಗನೇ. ಸಣ್ಣ ಚಂದಾ ಎಂಬುದೇ ಇಲ್ಲ, ಕಂಪನಿಗಳಿಗೆ ಮಾತ್ರ ಕೊಡುತ್ತೇವೆ ಎಂದು ತಿಳಿಸಿ ಹೇಳಿದ. ಅವನು ಹೇಳಿದ ಮೊತ್ತ ನಮ್ಮ ಕೇಂದ್ರವನ್ನೇ ಮಾರಿದರೂ ಹುಟ್ಟುವಂಥದ್ದಾಗಿರಲಿಲ್ಲ. ಕೊಟ್ಟರೂ ನಿಮ್ಮ ಹಳೆಯ ನಕಲು ಹೊಸದರಲ್ಲಿ ತೆರೆಯುತ್ತದೆಂದು ಖಾತ್ರಿ ಇಲ್ಲ ಮೇಡಂ ಎಂದ.

“ಹಂಗಾದ್ರ ಮೊದಲ ಪುಕ್ಕಟೆ ಯಾಕ ಕೊಟ್ರಿ?” ಎಂದೆ.

“ಅದು ಹಳೆ ಪಾಲಿಸಿ ಮೇಡಂ.”

ಅವನ ಮೇಲೆ ಸಿಟ್ಟು ಮಾಡಿ ಏನು ಬಂತು. ಮುಧೋಳದಲ್ಲಿ, ಬನಹಟ್ಟಿಯಲ್ಲಿ ಕಂಪ್ಯೂಟರ್ ಬಲ್ಲವರಿಗೆಲ್ಲ ತೋರಿಸಿದೆ. ಕೆಲವರು ಅದನ್ನು ಬೇರೆ ಪ್ರೋಗ್ರಾಂನಲ್ಲಿ ತೆರೆದರು. ಪರದೆಯ ತುಂಬ ಚೌಕ, ಪ್ರಶ್ನಾರ್ಥಕ ಚಿಹ್ನೆ. ಅದರೊಳಗೆ ಎಲ್ಲೋ ಎಲ್ಲ ಹೆಸರೂ ಇದ್ದವು. ಇವೆ, ಇಂದಿಗೂ ಇವೆ. ಅದೇ ಸಂಕಟ.

ಅಜ್ಜನಿಗೆ ಹೇಳಲು ಬಾಯಿ ಬರದೆ ತಿಂಗಳುಗಟ್ಟಲೆ ತಳ್ಳಿದೆ. ಫೋನು ಬಂದರೆ ಕರೆಂಟಿಲ್ಲ ಎನ್ನುತ್ತಿದ್ದೆ. ನಮ್ಮ ಕಡೆ ಆ ಸುಳ್ಳು ಎಲ್ಲರೂ ನಂಬುತ್ತಾರೆ. ಆ ನಡುವೆ ಬೀಳಗಿ ಬಸ್‌ಸ್ಟ್ಯಾಂಡಿನಲ್ಲಿ ಆ ಮುದುಕಿ ಸಿಕ್ಕಳು. ಬೆನ್ನು ಇನ್ನೂ ಬಾಗಿತ್ತು. ನನ್ನ ಕೈ ಹಿಡಿದು, “ನಮ್ಮವ್ವನ ಹೆಸರು ಐತಲ್ಲ?” ಎಂದಳು.

“ಐತ್ರಿ,” ಎಂದೆ.

“ಒಮ್ಮಿ ಹೇಳ ಬೇ, ನಿನ್ನ ಬಾಯಿಲೆ ಕೇಳ್ತೀನಿ.”

ನನಗೆ ಆ ಹೆಸರು ನೆನಪಿರಲಿಲ್ಲ. ನೂರಾರು ಹೆಸರು ಬರೆದವಳಿಗೆ ಒಂದೂ ಬಾಯಿಗೆ ಬರಲಿಲ್ಲ. ಬಸ್ಸು ಬಂತೆಂದು ಹೇಳಿ ಯಾವುದೋ ಬಸ್ಸು ಹತ್ತಿದೆ. ಮುಂದಿನ ಊರಿನಲ್ಲಿ ಇಳಿದು ವಾಪಸು ಬರುವಷ್ಟರಲ್ಲಿ ಆಕೆ ಹೋಗಿದ್ದಳು. ಆ ವರ್ಷವೇ ತೀರಿಕೊಂಡಳೆಂದು ಅಜ್ಜನಿಂದ ತಿಳಿಯಿತು.

ಅಂದೇ ಅಜ್ಜನಿಗೆ ಎಲ್ಲ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು. “ಯಾರದೋ ಬೀಗದ ಕಣಜದಾಗ ನಾವು ನಮ್ಮ ಕಾಳು ಹಾಕಿದ್ವಿ,” ಎಂದಷ್ಟೇ ಹೇಳಿ ಮರುದಿನ ಒಂದು ಖಾಲಿ ವಹಿ ತಂದ. ಹೋದದ್ದು ಹೋಯಿತು, ಬಾಯಲ್ಲಿ ಉಳಿದದ್ದನ್ನು ಬರೆದುಕೋ ಎಂದ. ಅವನಿಗೆ ಆಗಲೇ ಎಂಬತ್ತು ದಾಟಿತ್ತು. ಎಷ್ಟೋ ಮನೆಗಳಲ್ಲಿ ನಾಲ್ಕು ತಲೆಮಾರು ದಾಟುತ್ತಲೇ ತೊದಲುತ್ತಿದ್ದ. ಒಂದು ಮನೆಯ ಅಣ್ಣತಮ್ಮರನ್ನು ಇನ್ನೊಂದು ಮನೆಗೆ ಸೇರಿಸುತ್ತಿದ್ದಾನೆ ಎಂಬ ಅನುಮಾನ ನನಗಿತ್ತು. ಸರಿಯೋ ತಪ್ಪೋ ನೋಡಲು ಯಾವ ಕಾಗದವೂ ಇರಲಿಲ್ಲ.

“ಹೆಣ್ಣಮಕ್ಕಳು?” ಎಂದು ಪ್ರತಿ ಮನೆಗೂ ಕೇಳಿದೆ.

“ಅವನ್ನ ನೀ ಹಾಕಿದ್ದಿ ತಂಗಿ. ನನ್ನ ಬಾಯಾಗಿಲ್ಲ.”

ಮತ್ತೆ ಆ ಕೇಂದ್ರಗಳಿಗೆ ಹೋಗಿ ಕೇಳಬಹುದಿತ್ತು. ಒಂದೆರಡು ಕಡೆ ಹೋದೆ ಕೂಡ. ಹೇಳಿದ್ದ ಮುದುಕಿಯರಲ್ಲಿ ಬಹಳ ಮಂದಿ ಇರಲಿಲ್ಲ. ಇದ್ದ ಸೊಸೆಯಂದಿರಿಗೆ ತಮ್ಮ ಅತ್ತೆಯ ಅವ್ವನ ಹೆಸರು ಗೊತ್ತಿರಲಿಲ್ಲ. ನಮ್ಮನ್ನೇಕೆ ಎರಡೆರಡು ಸಲ ಕೇಳುತ್ತೀರಿ ಎಂದು ಒಬ್ಬಳು ಗದರಿದಳು. ಹೆಣ್ಣುಮಕ್ಕಳ ಹೆಸರುಗಳಿಗೆಂದು ನಾನು ವಹಿಯಲ್ಲಿ ಎರಡೆರಡು ಸಾಲು ಖಾಲಿ ಬಿಡುತ್ತಾ ಹೋದೆ. ಅಜ್ಜ ಅದನ್ನು ನೋಡಿ ತಡೆದ.

“ಜಾಗ ಬಿಡಬ್ಯಾಡ. ಮುಂದ ನೋಡಿದವ್ರು ಯಾರೋ ಅಳಿಸ್ಯಾರ ಅಂತಾರ.”

ಅಂದಿನಿಂದ ಸಾಲಿಗೆ ಸಾಲು ಹತ್ತಿಸಿ ಬರೆದೆ. ಒಂದು ದಿನ ನಮ್ಮ ಮನೆಯ ಪಾಳಿ ಬಂತು. ಮೂಲಪುರುಷನಿಂದ ತಮ್ಮನವರೆಗೆ ಅಜ್ಜ ತಡವರಿಸದೆ ಹೇಳಿದ. ಹೇಳಿ ಮುಗಿಸಿ, ನನ್ನ ಮುಖ ನೋಡಿ, “ನಿಂದು ನಿನಗ ಗೊತ್ತೈತಲ್ಲ, ಹಾಕ್ಕೋ,” ಎಂದ.

ಕೈ ಬರಲಿಲ್ಲ. ಅಷ್ಟು ಮಂದಿ ಹೆಂಗಸರು ನನ್ನನ್ನು ನಂಬಿ ಕೊಟ್ಟದ್ದನ್ನೆಲ್ಲ ಕಳೆದು ನನ್ನದೊಂದನ್ನು ಉಳಿಸಿಕೊಳ್ಳುವುದು ಹೇಗೆ? ತಮ್ಮನ ಹೆಸರಿನ ಕೆಳಗೆ ಗೆರೆ ಎಳೆದು, ಮುಂದಿನ ಮನೆ ಹೇಳಿರಿ ಅಜ್ಜಾ ಎಂದೆ.